ಇರುಳಿನಲ್ಲಿ ಗೂಡ್ಸ್ ಗಾಡಿ

ರೈಲ್ವೆ ಗೇಟು ಮುಚ್ಚಿದೆ. ನೀವು ಕಾಯುತ್ತಾ ನಿಂತಿದ್ದೀರಿ. ದೂರದಲ್ಲಿ ಗಾಡಿಯ ಕೂಗು ಕೇಳಿಸುತ್ತದೆ. ಬರುವುದು ಪ್ಯಾಸೆಂಜರ್ ಗಾಡಿಯಾದರೆ ಮನಸ್ಸಿಗೆ ಏನೋ ಒಂದು ಕುತೂಹಲ. ಕಿಟಕಿಗಳಲ್ಲಿ ಮುಖಗಳಿರುತ್ತವೆ, ಯಾರೋ ಗುರುತಿಲ್ಲದವರು ಕೈ ಬೀಸುತ್ತಾರೆ. ಬಂದದ್ದು ಗೂಡ್ಸ್ ಎಂದು ತಿಳಿದೊಡನೆ ಆ ಕುತೂಹಲ ಇಳಿದುಹೋಗುತ್ತದೆ. "ಅಯ್ಯೋ, ಗೂಡ್ಸು! ಇದು ಯಾವಾಗ ಮುಗಿಯುತ್ತದೋ" ಎಂದು ಗೊಣಗುತ್ತೀರಿ. ಮಕ್ಕಳು ಮಾತ್ರ ಬೇಸರವಿಲ್ಲದೆ ಡಬ್ಬಿಗಳನ್ನು ಎಣಿಸುತ್ತಿರುತ್ತವೆ.

ನಮ್ಮ ಮನೆಯ ಅಕ್ಕಿ, ಉಪ್ಪು, ಸಿಮೆಂಟು, ಹೊಲಕ್ಕೆ ಹಾಕುವ ಗೊಬ್ಬರ ಎಲ್ಲವೂ ಅದರಲ್ಲಿಯೇ ಬಂದಿರಬಹುದು. ಆದರೂ ಗೂಡ್ಸ್ ಗಾಡಿಯನ್ನು ಎದುರುಗೊಳ್ಳುವುದಕ್ಕಾಗಲಿ ಬೀಳ್ಕೊಡುವುದಕ್ಕಾಗಲಿ ಯಾರೂ ನಿಲ್ದಾಣಕ್ಕೆ ಹೋಗುವುದಿಲ್ಲ. ನನ್ನ ಸೋದರಮಾವ ಮೀಟರ್‌ಗೇಜಿನ ಕಾಲದಲ್ಲಿ ಬೀರೂರು–ಶಿವಮೊಗ್ಗದ ದಾರಿಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ಅವರದು ಮನೆಯಲ್ಲಿ ಒಂದೇ ಒಂದು ಭಾವಚಿತ್ರವಿದೆ. ಸ್ಟುಡಿಯೋದಲ್ಲಿ ತೆಗೆಸಿದ್ದು. ಮೈಮೇಲೆ ಕೋಟು, ಪಕ್ಕದಲ್ಲಿ ಹೂದಾನಿ, ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಸರೋವರ. ಮಾವ ತಮ್ಮ ಜೀವಮಾನದಲ್ಲಿ ಹೂದಾನಿಯ ಪಕ್ಕದಲ್ಲಿ ನಿಂತದ್ದು ಅದೊಂದು ದಿನವೇ ಇರಬೇಕು. ಮೂವತ್ತು ವರ್ಷ ಅವರ ಕೈಯಲ್ಲಿದ್ದ ಕೈದೀಪ, ಹಸಿರು ಕೆಂಪು ಬಾವುಟಗಳು, ಲೈನ್ ಬಾಕ್ಸು, ಗಾಡಿಯ ತುದಿಯಲ್ಲಿ ಕುಲುಕುತ್ತಾ ಹೋಗುವ ಬ್ರೇಕ್ ವ್ಯಾನು, ಇವು ಒಂದೂ ಯಾವ ಚಿತ್ರದಲ್ಲಿಯೂ ಇಲ್ಲ. ಇವನ್ನೆಲ್ಲ ಚಿತ್ರದಲ್ಲಿ ಹಿಡಿಯಬೇಕೆಂದು ನಮಗೆ ಯಾರಿಗೂ ತೋರಲಿಲ್ಲ, ಅವರಿಗೂ ತೋರಲಿಲ್ಲ.

ಹೀಗಿರುವಾಗ, ಉಗಿಯಂತ್ರದ ಗಾಡಿಗಳನ್ನು, ಅದರಲ್ಲಿಯೂ ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳನ್ನು, ಚಿತ್ರದಲ್ಲಿ ಹಿಡಿಯಲು ಐದು ವರ್ಷಗಳ ಕಾಲ ನಿದ್ದೆಗೆಟ್ಟು ಕೈಯಿಂದ ಹಣ ಸುರಿದ ಒಬ್ಬ ಮನುಷ್ಯನಿದ್ದನೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಸ್ವಲ್ಪ ಅಸೂಯೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆತನ ವಿಷಯವನ್ನೇ ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಆತನ ಹೆಸರು ಓ. ವಿನ್‌ಸ್ಟನ್ ಲಿಂಕ್. ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ 1914ರಲ್ಲಿ ಹುಟ್ಟಿದವನು. ಓದಿದ್ದು ಸಿವಿಲ್ ಎಂಜಿನಿಯರಿಂಗ್. ಆದರೆ ಹೊಟ್ಟೆಪಾಡಿಗೆ ಹಿಡಿದದ್ದು ಕ್ಯಾಮೆರಾ. ಕಾರ್ಖಾನೆಗಳಿಗೆ, ವ್ಯಾಪಾರ ಸಂಸ್ಥೆಗಳಿಗೆ ಜಾಹೀರಾತಿನ ಚಿತ್ರಗಳನ್ನು ತೆಗೆದುಕೊಡುವುದು ಆತನ ವೃತ್ತಿ. 1955ರ ಜನವರಿಯಲ್ಲಿ ಹವಾನಿಯಂತ್ರಕಗಳ ಚಿತ್ರ ತೆಗೆಯಲು ವರ್ಜೀನಿಯ ಪ್ರಾಂತದ ಸ್ಟಾಂಟನ್ ಎಂಬ ಊರಿಗೆ ಹೋಗಿದ್ದ. ಹಗಲಿನ ಕೆಲಸ ಮುಗಿಯಿತು. ಹತ್ತಿರದ ವೇನ್ಸ್‌ಬರೊ ನಿಲ್ದಾಣದಲ್ಲಿ ಉಗಿಬಂಡಿಗಳು ಓಡಾಡುತ್ತವೆಂದು ತಿಳಿದು, ಚಿಕ್ಕಂದಿನ ಚಪಲ, ನೋಡಿಬರೋಣವೆಂದು ಸಂಜೆ ಅತ್ತ ಹೋದ. ಅಲ್ಲಿ ಕಂಡದ್ದು ಆತನನ್ನು ಮನೆಗೆ ಹೋಗಗೊಡಲಿಲ್ಲ. ಮರುದಿನ ರಾತ್ರಿಯೋ ಆಮೇಲೋ ಎನ್ನದೆ ಅದೇ ತಿಂಗಳಲ್ಲಿ ಅಲ್ಲಿ ಮೊದಲನೆಯ ಇರುಳ ಚಿತ್ರವನ್ನು ತೆಗೆದ.

ಆ ದಾರಿ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಗೆ ಸೇರಿದ್ದು. ಅಮೆರಿಕದ ದೊಡ್ಡ ರೈಲ್ವೆಗಳೆಲ್ಲ ಆ ಹೊತ್ತಿಗೆ ಉಗಿಯನ್ನು ಬಿಟ್ಟು ಡೀಸೆಲ್ ಹಿಡಿದಿದ್ದವು, ಇಲ್ಲವೆ ಹಿಡಿಯುತ್ತಿದ್ದವು. ಇದೊಂದು ಮಾತ್ರ ಹಟಮಾರಿಯಂತೆ ಉಗಿಯನ್ನೇ ನಂಬಿಕೊಂಡಿತ್ತು. ಹಟಕ್ಕೆ ಕಾರಣವೂ ಇತ್ತು. ಪಶ್ಚಿಮ ವರ್ಜೀನಿಯದ ಗಣಿಗಳಿಂದ ಕಲ್ಲಿದ್ದಲನ್ನು ನಾರ್ಫೋಕ್ ಬಂದರಿಗೆ ಸಾಗಿಸುವುದೇ ಅದರ ಮುಖ್ಯ ಸಂಪಾದನೆ. ಹೊರುವುದೂ ಕಲ್ಲಿದ್ದಲು, ಉರಿಸುವುದೂ ಕಲ್ಲಿದ್ದಲು. ಗಿರಾಕಿಯ ಸರಕನ್ನೇ ತಿರಸ್ಕರಿಸಿ ಎಣ್ಣೆ ಉರಿಸಿದರೆ ಹೇಗೆ? ಎಂಜಿನ್ನುಗಳನ್ನು ಕೂಡ ರೊನೋಕ್ ಎಂಬ ಊರಿನ ತನ್ನ ಕಾರ್ಖಾನೆಯಲ್ಲಿ ತಾನೇ ಕಟ್ಟಿಕೊಳ್ಳುತ್ತಿತ್ತು. ಅಲ್ಲಿ ಕಟ್ಟಿದ ಕೊನೆಯ ಉಗಿ ಎಂಜಿನ್ನು ಹೊರಬಿದ್ದದ್ದು 1953ರ ಡಿಸೆಂಬರಿನಲ್ಲಿ. ನಮ್ಮ ಚಿತ್ತರಂಜನ ಕಾರ್ಖಾನೆ ಆಗ ಮೂರು ವರ್ಷದ ಕೂಸು. ಅಲ್ಲಿ ಬ್ರಾಡ್‌ಗೇಜಿನ ಕೊನೆಯ ಉಗಿ ಎಂಜಿನ್ನು ತಯಾರಾದದ್ದು 1970ರಲ್ಲಿ. ಅದಕ್ಕೆ 'ಅಂತಿಮ ಸಿತಾರಾ' ಎಂದು ಹೆಸರಿಟ್ಟರು. ಅದು ಗೂಡ್ಸ್ ಗಾಡಿ ಎಳೆಯುವ ಎಂಜಿನ್ನು ಎಂಬುದನ್ನು ಇಲ್ಲಿ ನೆನೆಯಬೇಕು. ಹೀಗೆ ಹೆಸರಿಟ್ಟು ಬೀಳ್ಕೊಡುವ ಮರ್ಯಾದೆ ಗೂಡ್ಸಿಗೂ ಒಮ್ಮೆ ದೊರೆಯಿತಲ್ಲ!

1955ರಲ್ಲಿಯೇ ನಾರ್ಫೋಕ್ ಅಂಡ್ ವೆಸ್ಟರ್ನ್ ಕೂಡ ಡೀಸೆಲ್ ಎಂಜಿನ್ನುಗಳನ್ನು ಕೊಳ್ಳಲು ಮೊದಲುಮಾಡಿತು. ಇನ್ನು ಕೆಲವೇ ವರ್ಷ ಎಂಬುದು ಲಿಂಕ್‌ಗೆ ತಿಳಿಯಿತು. ರೈಲ್ವೆಯವರಿಗೆ ಕಾಗದ ಬರೆದು, ದಾರಿಯುದ್ದಕ್ಕೂ ಓಡಾಡಿ ಚಿತ್ರ ತೆಗೆಯಲು ಅನುಮತಿ ಕೇಳಿದ. ರೈಲ್ವೆಯ ಅಧ್ಯಕ್ಷ ಆರ್. ಎಚ್. ಸ್ಮಿತ್ ಅನುಮತಿ ಕೊಟ್ಟ. ಸಂಬಳ ಕೊಡಲಿಲ್ಲ, ಲಿಂಕ್ ಕೇಳಲೂ ಇಲ್ಲ. ಅಲ್ಲಿಂದ 1960ರವರೆಗೆ ಸುಮಾರು ಇಪ್ಪತ್ತು ಸಲ ನ್ಯೂಯಾರ್ಕಿನಿಂದ ಆ ಬೆಟ್ಟಗಾಡಿಗೆ ಹೋಗಿಬಂದ. ತೆಗೆದ ಚಿತ್ರಗಳು ಸುಮಾರು 2,400.

ಇರುಳಿನಲ್ಲಿಯೇ ಏಕೆ, ಹಗಲಿಗೆ ಏನಾಗಿತ್ತು ಎಂದು ನೀವು ಕೇಳಬಹುದು. ಇದಕ್ಕೆ ಲಿಂಕ್ ಕೊಡುತ್ತಿದ್ದ ಉತ್ತರ ಚೆನ್ನಾಗಿದೆ. ಸೂರ್ಯನನ್ನು ಸರಿಸುವುದು ತನ್ನ ಕೈಯಲ್ಲಿಲ್ಲ, ಅವನು ಯಾವಾಗಲೂ ಇರಬಾರದ ಕಡೆಯೇ ಇರುತ್ತಾನೆ. ರೈಲು ಕಂಬಿಗಳನ್ನೂ ಸರಿಸುವಂತಿಲ್ಲ. ಆದ್ದರಿಂದ ಬೆಳಕನ್ನು ತಾನೇ ಮಾಡಿಕೊಳ್ಳಬೇಕಾಯಿತು ಎನ್ನುತ್ತಿದ್ದ. ಹಗಲಿನಲ್ಲಿ ಕರಿಯ ಎಂಜಿನ್ನು ಬರಿಯ ಕರಿಯ ಮುದ್ದೆಯಾಗಿ ಕಾಣುತ್ತದೆ. ಉಗಿ ಆಕಾಶದ ಬಿಳುಪಿನಲ್ಲಿ ಕರಗಿಹೋಗುತ್ತದೆ. ಇರುಳಿನಲ್ಲಿ ಹಾಗಲ್ಲ. ಕಪ್ಪು ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆದಂತೆ ಉಗಿಯ ಒಂದೊಂದು ಸುರುಳಿಯೂ ಎದ್ದುಕಾಣುತ್ತದೆ. ಬೇಡದ ತಂತಿ, ಕಂಬ, ಗೋಡೆಗಳೆಲ್ಲ ಕತ್ತಲೆಗೆ ಸಂದುಹೋಗುತ್ತವೆ. ಬೆಳಕು ಬಿದ್ದಷ್ಟೇ ಲೋಕ.

ಆದರೆ ಆ ಬೆಳಕನ್ನು ಮಾಡುವುದು ಸಾಮಾನ್ಯವಾದ ಕೆಲಸವಾಗಿರಲಿಲ್ಲ. ಓಡುವ ಗಾಡಿ ನೂರಾರು ಅಡಿ ಉದ್ದ. ಅದರ ಮೇಲೆ, ಅದರ ಸುತ್ತಣ ಮನೆಗಳ ಮೇಲೆ, ಹೊಳೆಯ ಮೇಲೆ, ಒಂದೇ ಕ್ಷಣದಲ್ಲಿ ಬೆಳಕು ಸುರಿಯಬೇಕು. ಆಗಿನ ಕಾಲದ ಫ್ಲಾಷ್ ಬಲ್ಬುಗಳನ್ನು ಹಿರಿಯರು ಮದುವೆ ಮನೆಗಳಲ್ಲಿ ನೋಡಿರಬಹುದು. ಗಾಜಿನ ಬುರುಡೆಯೊಳಗೆ ಕೂದಲಿನಂಥ ಲೋಹದ ಎಳೆಗಳ ಸಿಕ್ಕು, ಸುತ್ತ ಆಮ್ಲಜನಕ. ವಿದ್ಯುತ್ತು ಹರಿದೊಡನೆ ಭಗ್ಗೆಂದು ಉರಿದು ಬೂದಿ. ಒಂದು ಬಲ್ಬಿಗೆ ಒಂದೇ ಬಾಳು. ಇಂಥ ಬಲ್ಬುಗಳನ್ನು ಲಿಂಕ್ ಹತ್ತಾರು ಸಂಖ್ಯೆಯಲ್ಲಿ ತಗಡಿನ ಬೋಗುಣಿಗಳೊಳಗೆ ಸಿಕ್ಕಿಸಿ, ಮರದ ಮೇಲೆ, ಮಾಳಿಗೆಯ ಮೇಲೆ, ಹೊಳೆಯಾಚೆ ಎಲ್ಲೆಲ್ಲೋ ನಿಲ್ಲಿಸಿ, ತಂತಿ ಎಳೆದು, ಎಲ್ಲವನ್ನೂ ಒಂದು ಗುಂಡಿಗೆ ಜೋಡಿಸುತ್ತಿದ್ದ. ವಿದ್ಯುತ್ತು ಪೂರೈಸುವ ಪೆಟ್ಟಿಗೆಯನ್ನು ತಾನೇ ಕಟ್ಟಿದ್ದ. ಎಂಜಿನಿಯರಿಂಗ್ ಓದಿದ್ದು ವ್ಯರ್ಥವಾಗಲಿಲ್ಲ. ಬಲ್ಬುಗಳನ್ನು ಜೋಡಿಸಿದ್ದು ನಮ್ಮ ದೀಪಾವಳಿಯ ಸೀರಿಯಲ್ ಸೆಟ್ಟಿನ ಕ್ರಮದಲ್ಲಿ. ಅದರ ಗುಣ ನಿಮಗೆ ಗೊತ್ತೇ ಇದೆ: ಒಂದು ಬಲ್ಬು ಕೈಕೊಟ್ಟರೆ ಮಾಲೆಯೆಲ್ಲ ಕತ್ತಲೆ. ಅರ್ಧ ಬೆಳಕಿನ ಕೆಟ್ಟ ಚಿತ್ರಕ್ಕಿಂತ ಚಿತ್ರವೇ ಇಲ್ಲದಿರುವುದು ವಾಸಿ ಎಂಬುದು ಆತನ ಮತವಾಗಿದ್ದಿರಬೇಕು. ಇದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಹೇಳಿದರೆ ಅರ್ಧ ಬರೆದ ಉತ್ತರಪತ್ರಿಕೆಗಳೂ ಬರದೆ ಹೋದಾವು.

ಒಂದು ದಿನವೆಲ್ಲ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ತಂತಿ ಎಳೆಯುವ ಕೆಲಸ. ಕತ್ತಲಾಗುತ್ತದೆ. ಗಾಡಿ ಎಷ್ಟು ಹೊತ್ತಿಗೆ ಬರುವುದೋ. ಪ್ಯಾಸೆಂಜರ್ ಗಾಡಿಗಾದರೆ ವೇಳಾಪಟ್ಟಿ ಉಂಟು. ಗೂಡ್ಸಿಗೆ ಅದರದೇ ಕಾಲ. ಕಡೆಗೆ ಬೆಟ್ಟದ ತಿರುವಿನಲ್ಲಿ ಕೂಗು. ಕಂಬಿ ಅದುರುತ್ತದೆ. ಎಂಜಿನ್ನು ಗೊತ್ತುಮಾಡಿದ ಸ್ಥಳಕ್ಕೆ ಬಂದಾಗ ಗುಂಡಿ ಒತ್ತಬೇಕು. ಒಂದಿಷ್ಟು ಮೊದಲಾದರೂ ಕೆಟ್ಟಿತು, ಒಂದಿಷ್ಟು ತಡವಾದರೂ ಕೆಟ್ಟಿತು. ಎರಡನೆಯ ಸಲ ಒತ್ತೋಣವೆಂದರೆ ಬಲ್ಬುಗಳೆಲ್ಲ ಬೂದಿ. ಆ ಒಂದು ಮಿಂಚಿನಲ್ಲಿ ಕಣಿವೆಯೆಲ್ಲ ಹಗಲಾಗಿ ಮರಳಿ ಕತ್ತಲಾಗುತ್ತದೆ. ಗಾಡಿ ನಿಲ್ಲದೆ ಹೋಗಿಬಿಡುತ್ತದೆ.

ಬರಿಯ ಎಂಜಿನ್ನಿನ ಚಿತ್ರಗಳಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಯಂತ್ರದ ಹುಚ್ಚಿನವರು ಎಲ್ಲ ದೇಶದಲ್ಲಿಯೂ ಇದ್ದಾರೆ. ಲಿಂಕ್ ನೋಡಿದ್ದು ದಾರಿಯ ಪಕ್ಕದಲ್ಲಿ ಬದುಕುವ ಜನರನ್ನು. ಲುರೇ ಎಂಬ ಊರಿನ ಬಳಿ ಬೇಸಗೆಯ ರಾತ್ರಿ ಹಳ್ಳದಲ್ಲಿ ಮಕ್ಕಳು ಈಜುತ್ತಿದ್ದಾರೆ, ಮೇಲೆ ಸೇತುವೆಯಲ್ಲಿ ಗಾಡಿ ಹೊಗೆಯುಗುಳುತ್ತಾ ಹೋಗುತ್ತಿದೆ. ಲಿಥಿಯ ಎಂಬಲ್ಲಿ ಒಂದು ಮನೆಯ ನಡುಮನೆ, ಕಿಟಕಿಯಾಚೆ ಕೈಗೆಟುಕುವಷ್ಟು ಹತ್ತಿರದಲ್ಲಿ ರೈಲು. ಮನೆಯೊಳಗಿನ ಬದುಕು ಅದಕ್ಕಾಗಿ ನಿಂತಿಲ್ಲ.

ಎಲ್ಲಕ್ಕಿಂತ ಹೆಸರಾದ ಚಿತ್ರ 1956ರ ಆಗಸ್ಟ್ 2ರಂದು ಪಶ್ಚಿಮ ವರ್ಜೀನಿಯದ ಯೇಗರ್ ಎಂಬ ಊರಿನಲ್ಲಿ ತೆಗೆದದ್ದು. ಕಾರಿನಲ್ಲಿ ಕುಳಿತುಕೊಂಡೇ ಸಿನಿಮಾ ನೋಡುವ ಬಯಲು ಚಿತ್ರಮಂದಿರ. ಸಾಲುಸಾಲಾಗಿ ಕಾರುಗಳು. ಮುಂದಿನ ಕಾರಿನಲ್ಲಿ ಒಬ್ಬ ತರುಣ, ಒಬ್ಬ ತರುಣಿ. ಎದುರಿಗೆ ಬಿಳಿಯ ಪರದೆಯ ಮೇಲೆ ಒಂದು ಜೆಟ್ ವಿಮಾನ ಹಾರುತ್ತಿದೆ. ಪರದೆಯ ಬಲಗಡೆ, ಬಯಲಿನ ಅಂಚಿನಲ್ಲಿ, ದೊಡ್ಡ ಎಂಜಿನ್ನು ಬಿಳಿಯ ಹೊಗೆಯನ್ನು ಹಿಂದಕ್ಕೆ ಚೆಲ್ಲುತ್ತಾ ಗೂಡ್ಸ್ ಗಾಡಿಯನ್ನು ಎಳೆದುಕೊಂಡು ಓಡುತ್ತಿದೆ. ಚಿತ್ರಕ್ಕೆ 'ಹಾಟ್‌ಶಾಟ್ ಈಸ್ಟ್‌ಬೌಂಡ್' ಎಂದು ಹೆಸರು. ರೈಲ್ವೆಯವರ ಆಡುಮಾತಿನಲ್ಲಿ ಹಾಟ್‌ಶಾಟ್ ಎಂದರೆ ಉಳಿದ ಗೂಡ್ಸುಗಳನ್ನು ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡಿಸಿಕೊಂಡು ಹೋಗುವ ವೇಗದ ಗೂಡ್ಸು. ಇದು ಪೂರ್ವಕ್ಕೆ ಹೊರಟದ್ದು. ನಲವತ್ತಕ್ಕೂ ಮಿಕ್ಕ ಬಲ್ಬುಗಳು ಒಟ್ಟಿಗೆ ಉರಿದ ಚಿತ್ರ ಇದು. ಕಾರು, ಸಿನಿಮಾ, ವಿಮಾನ, ರೈಲು, ಇಡೀ ಕಾಲವೇ ಒಂದು ಹಾಳೆಯಲ್ಲಿ ಕುಳಿತಿದೆ. ಜನರೆಲ್ಲ ನೋಡುತ್ತಿರುವುದು ಪರದೆಯ ಮೇಲಿನ ವಿಮಾನವನ್ನು. ಗೂಡ್ಸ್ ಗಾಡಿಯತ್ತ ಯಾರ ಗಮನವೂ ಇಲ್ಲ. ನಮ್ಮ ಗೇಟಿನ ಬಳಿ ಹೇಗೋ ಅಲ್ಲಿಯೂ ಹಾಗೆಯೇ.

ಇಲ್ಲಿ ಒಂದು ಆಕ್ಷೇಪವಿದೆ. ಮುಂದಿನ ಕಾರು ಲಿಂಕ್‌ನದೇ. ಆ ತರುಣ ತರುಣಿಯರನ್ನು ಅದರಲ್ಲಿ ಕುಳ್ಳಿರಿಸಿದವನೂ ಆತನೇ. ಅಷ್ಟೇ ಅಲ್ಲ, ಬಲ್ಬುಗಳ ಬೆಳಕಿಗೆ ಪರದೆ ಬರಿಯ ಬಿಳುಪಾಗಿ ವಿಮಾನ ಅಳಿಸಿಹೋಗಿತ್ತು. ವಿಮಾನದ ದೃಶ್ಯವನ್ನು ಬೇರೆಯಾಗಿ ಚಿತ್ರಿಸಿಕೊಂಡು ಅಚ್ಚುಮಾಡುವಾಗ ಪರದೆಯ ಮೇಲೆ ಕೂಡಿಸಿದ. ಹಾಗಾದರೆ ಇದು ಸತ್ಯವೇ, ಕಟ್ಟುಕತೆಯೇ?

ನಮ್ಮ ಅಲಂಕಾರಶಾಸ್ತ್ರದಲ್ಲಿ ಇಂಥದೇ ಒಂದು ಹಳೆಯ ಜಗಳವಿದೆ. ವಸ್ತು ಇದ್ದಂತೆಯೇ ಹೇಳುವುದಕ್ಕೆ ಸ್ವಭಾವೋಕ್ತಿ ಎನ್ನುತ್ತಾರೆ. ದಂಡಿ ಅದನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದ. ಕುಂತಕ ಒಪ್ಪಲಿಲ್ಲ, ಸ್ವಭಾವವೇ ಒಡವೆಯಾಗಿಬಿಟ್ಟರೆ ಒಡವೆ ತೊಡುವ ಮೈ ಯಾವುದು ಎಂಬುದು ಅವನ ವಾದ. ನಾನು ಪಾಠ ಹೇಳುವಾಗ ಬಹುಕಾಲ ಕುಂತಕನ ಪಕ್ಷದಲ್ಲಿದ್ದೆ. ಈ ಚಿತ್ರಗಳನ್ನು ನೋಡಿದ ಮೇಲೆ ದಂಡಿಯ ಕಡೆಗೆ ಸ್ವಲ್ಪ ವಾಲಿದ್ದೇನೆ. ದನ ಮೇಯುವುದನ್ನು ಮೇಯುವಂತೆಯೇ ಹೇಳುವುದಕ್ಕೆ ಎಷ್ಟು ಕಷ್ಟಪಡಬೇಕೆಂಬುದು ಹೇಳಲು ಹೊರಟವನಿಗೇ ಗೊತ್ತು. ಯೇಗರಿನಲ್ಲಿ ಅಂಥ ಚಿತ್ರಮಂದಿರ ಇದ್ದದ್ದು ನಿಜ, ಅದರ ಪಕ್ಕದಲ್ಲಿ ಗೂಡ್ಸ್ ಓಡುತ್ತಿದ್ದುದು ನಿಜ, ಕಾರಿನಲ್ಲಿ ಜೋಡಿಗಳು ಕುಳಿತಿರುತ್ತಿದ್ದುದೂ ನಿಜ. ಚದುರಿ ಬಿದ್ದ ನಿಜಗಳನ್ನು ಲಿಂಕ್ ಒಂದೆಡೆ ಸೇರಿಸಿದ. ವಿಮಾನವನ್ನು ಅಂಟಿಸಿದ್ದು ಮಾತ್ರ ನನಗೆ ಇನ್ನೂ ಸ್ವಲ್ಪ ಮುಜುಗರವೇ. ಆದರೆ ಆ ಸಂಗತಿ ಮುಚ್ಚಿಟ್ಟದ್ದಲ್ಲ. ಈ ಚಿತ್ರದ ವಿಷಯ ಬಂದಲ್ಲೆಲ್ಲ ಅದೂ ಹೇಳಲ್ಪಡುತ್ತದೆ.

ಬಲ್ಬುಗಳ ಗದ್ದಲವಿಲ್ಲದ ಹಗಲಿನ ಚಿತ್ರಗಳೂ ಇವೆ. ನನಗೆ ಅಚ್ಚುಮೆಚ್ಚಾದದ್ದು ಅವುಗಳಲ್ಲೊಂದು. ಆ ರೈಲ್ವೆಗೆ ಅಬಿಂಗ್‌ಡನ್ ಎಂಬ ಊರಿನಿಂದ ಹೊರಟು ಬೆಟ್ಟ ಹತ್ತಿ ಉತ್ತರ ಕೆರೊಲಿನದ ವೆಸ್ಟ್ ಜೆಫರ್‌ಸನ್‌ವರೆಗೆ ಹೋಗುವ 55 ಮೈಲಿಗಳ ಒಂದು ಕವಲುದಾರಿ ಇತ್ತು. ವೈಟ್‌ಟಾಪ್ ಎಂಬಲ್ಲಿ ಅದು ಸಮುದ್ರಮಟ್ಟಕ್ಕಿಂತ ಮೂರೂವರೆ ಸಾವಿರ ಅಡಿಗೂ ಮೇಲೇರುತ್ತಿತ್ತು. ಅಲ್ಲಿ ಓಡುತ್ತಿದ್ದದ್ದು ಮಿಶ್ರಗಾಡಿ. ಮುಂದೆ ಸರಕಿನ ಡಬ್ಬಿಗಳು, ತುದಿಯಲ್ಲಿ ಜನಕ್ಕೆ ಜಾಗ. ಎಳೆಯುವುದು 1906–07ರ ಕಾಲದ ಮುದಿ ಎಂಜಿನ್ನು. ಜನ ಅದನ್ನು 'ವರ್ಜೀನಿಯ ಕ್ರೀಪರ್' ಎಂದು ಕರೆಯುತ್ತಿದ್ದರು. ಆ ಮಾತಿಗೆ ಆ ನಾಡಿನ ಒಂದು ಬಳ್ಳಿ ಎಂದೂ ಅರ್ಥ, ತೆವಳುವುದು ಎಂದೂ ಅರ್ಥ. ಶಾಲೆಗೆ ಹೋಗದವರೂ ಶ್ಲೇಷಾಲಂಕಾರವನ್ನು ಎಷ್ಟು ಸಲೀಸಾಗಿ ಬಳಸುತ್ತಾರೆ ನೋಡಿ. 1956ರಲ್ಲಿ ಗ್ರೀನ್ ಕೋವ್ ಎಂಬ ಪುಟ್ಟ ನಿಲ್ದಾಣದಲ್ಲಿ ಲಿಂಕ್ ನಿಂತಿದ್ದಾಗ ಒಂದು ಬಂಡಿ ಅಲ್ಲಿತ್ತು. ಅದಕ್ಕೆ ಕಟ್ಟಿದ ಕುದುರೆಯ ಹೆಸರು ಮಾಡ್. ಗಾಡಿ ಬರುವ ಹೊತ್ತಿಗೆ ಕುದುರೆ ತಲೆ ಬಾಗಿಸಿತು. ಚಿತ್ರದಲ್ಲಿ ಅದು ಎಂಜಿನ್ನಿಗೆ ನಮಸ್ಕರಿಸುವಂತೆ ಕಾಣುತ್ತದೆ. ಕುದುರೆಯ ಅನ್ನವನ್ನು ಕಸಿದ ಎಂಜಿನ್ನು ಅದು. 1957ರ ಕೊನೆಗೆ ಆ ದಾರಿಯಲ್ಲಿ ಡೀಸೆಲ್ ಬಂದು ಎಂಜಿನ್ನಿಗೂ ರಜೆಯಾಯಿತು. 1977ರಲ್ಲಿ ದಾರಿಯೇ ಮುಚ್ಚಿತು. ಕಂಬಿ ಕಿತ್ತ ಜಾಗವನ್ನು ಆಮೇಲೆ ನಡೆಯುವವರಿಗೂ ಸೈಕಲ್ಲಿನವರಿಗೂ ಕಾಲುದಾರಿ ಮಾಡಿಕೊಟ್ಟರು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದ ಪ್ರವಾಹ ಅದರ ಮೇಲುಭಾಗದ ಸೇತುವೆಗಳಲ್ಲಿ ಹಲವನ್ನು ಕೊಚ್ಚಿಕೊಂಡು ಹೋಯಿತು.

ರೇಡಿಯೋ ಕೇಳುವ ನಿಮಗೆ ಇನ್ನೊಂದು ವಿಷಯ ಹೇಳದೆ ಬಿಟ್ಟರೆ ತಪ್ಪಾದೀತು. ಚಿತ್ರದಲ್ಲಿ ಸದ್ದು ಇಲ್ಲವೆಂಬ ಕೊರತೆ ಲಿಂಕ್‌ಗೂ ಕಾಡಿತು. ಟೇಪು ಯಂತ್ರವನ್ನು ಹೊತ್ತುಕೊಂಡು ಹೋಗಿ ಗಾಡಿಗಳ ಧ್ವನಿಯನ್ನೂ ಮುದ್ರಿಸಿದ. 1957ರಿಂದ ಮೊದಲುಗೊಂಡು ಅವು ಗ್ರಾಮಫೋನ್ ತಟ್ಟೆಗಳಾಗಿ ಹೊರಬಂದವು. ಒಟ್ಟು ಆರು ಸಂಪುಟ. 'ಥಂಡರ್ ಆನ್ ಬ್ಲೂ ರಿಡ್ಜ್' ಎಂಬುದು ಒಂದರ ಹೆಸರು. ನೀಲಗಿರಿಸಾಲಿನ ಗುಡುಗು ಎಂದು ಕನ್ನಡದಲ್ಲಿ ಹೇಳಬಹುದು. ನಮ್ಮ ನೀಲಗಿರಿಯಲ್ಲ, ಅಲ್ಲಿಯದು. ಏರಿನಲ್ಲಿ ಕಲ್ಲಿದ್ದಲ ಗಾಡಿ ಹೆಣಗುವುದನ್ನು ಅದರಲ್ಲಿ ಕೇಳಬೇಕು. ಮೊದಲು ಮೌನ, ದೂರದಲ್ಲಿ ಒಂದು ಮಿಡಿತ, ಅದು ಮೆಲ್ಲಮೆಲ್ಲನೆ ಬೆಳೆದು ಎದೆಯ ಮೇಲೆ ಬಂದು ನಿಲ್ಲುತ್ತದೆ. ಮತ್ತೊಂದು, 1957ರ ಕ್ರಿಸ್‌ಮಸ್ ಹಿಂದಿನ ರಾತ್ರಿ ರೂರಲ್ ರಿಟ್ರೀಟ್ ಎಂಬ ಊರಿನಲ್ಲಿ ಮುದ್ರಿಸಿದ್ದು. ಅದು ಗೂಡ್ಸಲ್ಲ, ಪ್ಯಾಸೆಂಜರ್ ಗಾಡಿ. ಚರ್ಚಿನಿಂದ ಹಬ್ಬದ ಕೀರ್ತನೆಗಳ ಘಂಟಾನಾದ ಕೇಳುತ್ತಿದೆ. ಅದರ ನಡುವೆ ಗಾಡಿ ಕೂಗುತ್ತಾ ಬಂದು ನಿಂತು, ಉಸಿರುಬಿಟ್ಟು, ಮತ್ತೆ ಹೊರಟುಹೋಗುತ್ತದೆ. ಒಂದು ವಾರ ಕಳೆಯುವುದರೊಳಗೆ ಆ ವಿಭಾಗದಲ್ಲಿ ಉಗಿಯ ಕಾಲ ಮುಗಿಯಿತು. ಇಡೀ ರೈಲ್ವೆಯಲ್ಲಿ ಮುಗಿದದ್ದು 1960ರ ಮೇ ತಿಂಗಳಲ್ಲಿ.

ಆಗ ಈ ಚಿತ್ರಗಳನ್ನು ಹೆಚ್ಚಿನವರು ಕೇಳಲಿಲ್ಲ. ಲಿಂಕ್ ಮರಳಿ ಜಾಹೀರಾತಿನ ಕೆಲಸಕ್ಕೆ ಹೋದ. ಕಲಾಶಾಲೆಗಳ ದೊಡ್ಡ ಗೋಡೆಗಳಿಗೆ ಅವು ಏರಿದ್ದು 1983ರ ಸುಮಾರಿಗೆ, ಪುಸ್ತಕವಾದದ್ದು 1987ರಲ್ಲಿ. ಆತನಿಗಾಗ ಎಪ್ಪತ್ತು ದಾಟಿತ್ತು. 2001ರಲ್ಲಿ ತೀರಿಕೊಂಡ. ರೊನೋಕ್ ನಗರದ ಹಳೆಯ ರೈಲು ನಿಲ್ದಾಣದಲ್ಲಿ ಆತನ ಚಿತ್ರಗಳ ಸಂಗ್ರಹಾಲಯ ತೆರೆದದ್ದು 2004ರಲ್ಲಿ.

ನಮ್ಮಲ್ಲಿ ಉಗಿಬಂಡಿಗಳು 1990ರ ದಶಕದವರೆಗೂ ಓಡಾಡಿಕೊಂಡಿದ್ದವು. ನಮಗೆ ಲಿಂಕ್‌ಗಿಂತ ಮೂವತ್ತೈದು ವರ್ಷ ಹೆಚ್ಚು ಕಾಲಾವಕಾಶವಿತ್ತು. ಸೇತುವೆಗಳ ಬಳಿ ಚಿತ್ರ ತೆಗೆಯಕೂಡದೆಂಬ ಫಲಕಗಳಿದ್ದುದೂ, ಕ್ಯಾಮೆರಾ ಎಂಬುದು ಶ್ರೀಮಂತರ ಮನೆಯ ವಸ್ತುವಾಗಿದ್ದುದೂ ನಿಜವೇ. ಆದರೆ ಸ್ಟುಡಿಯೋದವನು ನಮ್ಮ ಊರಿನಲ್ಲಿಯೇ ಇದ್ದ, ನಿಲ್ದಾಣಕ್ಕೆ ಅವನ ಅಂಗಡಿಯಿಂದ ಅರ್ಧ ಮೈಲಿ. ಮಾವನನ್ನು ಹೂದಾನಿಯ ಪಕ್ಕದಲ್ಲಿ ನಿಲ್ಲಿಸಿದವನು ಬ್ರೇಕ್ ವ್ಯಾನಿನ ಮೆಟ್ಟಿಲ ಮೇಲೆ ನಿಲ್ಲಿಸಬಹುದಾಗಿತ್ತು.

ಮಾವ ಈಗ ಇಲ್ಲ. ಅತ್ತೆಗೆ ಎಂಬತ್ತು ಮೀರಿದೆ, ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಮಾವ ಕೆಲಸದಲ್ಲಿದ್ದಾಗ ಗಾಡಿಯ ಕೂಗು ಕೇಳಿದ ಮೇಲೆಯೇ ಅತ್ತೆ ಒಲೆಯ ಮೇಲೆ ಎಸರಿಡುತ್ತಿದ್ದರು. ಗೂಡ್ಸಿನವರು ಎಷ್ಟು ಹೊತ್ತಿಗೆ ಬರುತ್ತಾರೆಂದು ಯಾರು ಹೇಳಬಲ್ಲರು? ಹೋದ ಬೇಸಗೆಯ ರಜದಲ್ಲಿ ನಾನು ಅವರಿಗೆ ಲಿಂಕ್‌ನ ಚಿತ್ರಗಳನ್ನು ತೋರಿಸಿ ಪ್ರಯೋಜನವಿಲ್ಲವೆಂದು ಆ ಏರುದಾರಿಯ ಗೂಡ್ಸ್ ಗಾಡಿಯ ಧ್ವನಿಮುದ್ರಣವನ್ನು ಹಾಕಿ ಕೇಳಿಸಿದೆ. ಇದು ಎಲ್ಲಿಯದು, ಯಾರು ಮುದ್ರಿಸಿದ್ದು ಎಂದು ಏನನ್ನೂ ಹೇಳಿರಲಿಲ್ಲ. ಅತ್ತೆ ಅಕ್ಕಿ ಆರಿಸುತ್ತಿದ್ದ ಕೈಯನ್ನು ಮೊರದ ಮೇಲೆಯೇ ನಿಲ್ಲಿಸಿ ಸ್ವಲ್ಪ ಹೊತ್ತು ಕೇಳಿದರು.

"ಭಾರ ಜಾಸ್ತಿಯಾಗಿದೆ ಕಣೋ" ಎಂದರು. "ಏರು ಹತ್ತೋದಕ್ಕೇ ಇನ್ನೂ ಅರ್ಧ ಗಂಟೆ ಬೇಕು."